ಎರಡರ ಆಸುಪಾಸು

ರಾತ್ರಿ ಹನ್ನೊಂದಕ್ಕೆ ಚಾವಿ ಕೊಟ್ಟು ಹೋಗುವಾಗ
ಗೌಸ್‌ಪೀರ್ ಹೇಳುವುದು ಒಂದೇ ಮಾತು:
ಎರಡರ ಆಸುಪಾಸು ಇರಲಿ, ಮೇಡಂ.
ಲೀಟರಿಗೆ ಎರಡು ಮಿಲಿಗ್ರಾಂ ಉಸಿರು.

ದಾವಣಗೆರೆ ಇಡೀ ದಿನ ತೊಳೆದದ್ದು, ಉಗಿದದ್ದು,
ದೋಸೆ ಕಾವಲಿಯ ಜಿಡ್ಡು, ಮಂಡಕ್ಕಿ ಭಟ್ಟಿಯವರ ಮೈಮಸಿ,
ಛತ್ರದಲ್ಲಿ ಮಿಕ್ಕ ಸಾರು,
ಎಲ್ಲ ಹರಿದು ಬಂದು, ನೀರು ತಿಳಿಯಾಗಿ ಆಚೆ ಹೋದ ಮೇಲೆ
ಉಳಿದ ಗಸಿ ಈ ತೊಟ್ಟಿಯಲ್ಲಿ.
ಇಲ್ಲಿಗೆ ಹೊಸ ಊಟ ಬರುವುದಿಲ್ಲ.
ಕಣ್ಣಿಗೆ ಕಾಣದ ಜೀವಗಳು ಮೊದಲು ಕೂಡಿಟ್ಟದ್ದನ್ನು ತಿನ್ನುತ್ತವೆ,
ಆಮೇಲೆ ಸತ್ತವರನ್ನು,
ಆಮೇಲೆ ತಮ್ಮನ್ನೇ.
ಹಾಗೆ ಕರಗಬೇಕು ಗಸಿ. ಅದಕ್ಕೇ ಗಾಳಿ.

ಒಂದಕ್ಕಿಂತ ಇಳಿದರೆ ಮೂಗಿಗೆ ಮೊದಲು ಗೊತ್ತು.
ಕಂದು ಕಪ್ಪಾಗಿ, ಕೊಳೆತ ಮೊಟ್ಟೆಯ ನಾತ
ಗೋಡೆ ಹಾರಿ ಕರಿಬಸಪ್ಪನ ಮೆಕ್ಕೆಜೋಳ ದಾಟುತ್ತದೆ,
ಬೆಳಗ್ಗೆ ಅವನು ಗೇಟಿಗೆ ಬಂದು
ನಮ್ಮ ಏಳು ತಲೆಮಾರನ್ನು ನೆನೆಯುತ್ತಾನೆ.
ನಾಲ್ಕು ದಾಟಿಸಿದರೆ ನೊರೆ ಉಕ್ಕಿ ಚೆಲ್ಲುತ್ತದೆ,
ಕರೆಂಟ್ ಬಿಲ್ಲು ಹಿಡಿದು ಎಂಜಿನಿಯರ್ ಬರುತ್ತಾರೆ.
ಏಪ್ರಿಲ್ಲಿನಲ್ಲಂತೂ ಕೇಳಬೇಡಿ:
ಕಾದ ನೀರು ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ,
ಜೀವಗಳಿಗೆ ಮಾತ್ರ ಏದುಸಿರು.

ನಿನ್ನೆ ಒಂದೂವರೆಗೆ ಕರೆಂಟ್ ಹೋಯಿತು.
ಬ್ಲೋವರ್ ಸದ್ದು ನಿಂತದ್ದೇ ಕಪ್ಪೆಗಳು ಕೇಳಿಸಿದವು.
ಕೈಮೀಟರ್ ಇಳಿಬಿಟ್ಟೆ. ೧.೮. ೧.೧. ೦.೪.
ಜನರೇಟರಿನಲ್ಲಿ ಡೀಸೆಲ್ ಇಲ್ಲ.
ಕಟ್ಟೆಯ ಮೇಲೆ ಕೂತೆ.

ಮಿಲ್ಲು ಮುಚ್ಚಿದ ವರ್ಷ ನಮ್ಮ ಮನೆಯೂ
ತನ್ನನ್ನು ತಾನೇ ತಿಂದಿತ್ತು.
ಮೊದಲು ಹಿತ್ತಾಳೆ ಹಂಡೆ. ಆಮೇಲೆ ಅವ್ವನ ಬೆಂಡೋಲೆ,
ಅಪ್ಪನ ಸೈಕಲ್ಲು, ಕೊನೆಗೆ ಅಟ್ಟದ ಹಲಗೆ ಕೂಡ.
ಆದರೂ ನಾರಲಿಲ್ಲ ಮನೆ.
ಹಾಲಮ್ಮ, ನಮ್ಮವ್ವ, ಬಾಗಿಲು ಹಾಕಿದವಳೇ ಅಲ್ಲ.
ಯಾರೋ ಬಂದು ಕೂರುತ್ತಿದ್ದರು, ಎಲೆಯಡಿಕೆ ಕೇಳುತ್ತಿದ್ದರು,
ಇಲ್ಲವೆಂದರೆ ತಮ್ಮ ಚೀಲ ಬಿಚ್ಚಿ
ಮಾತಿಗಿಳಿಯುತ್ತಿದ್ದರು.

ನಲವತ್ತು ನಿಮಿಷಕ್ಕೆ ಬಂತು. ಸದ್ದು, ಗುಳ್ಳೆ, ೦.೬, ೧.೩.
ಬೆಳಗ್ಗೆ ಪಿಎಚ್ ನೋಡಿದರೆ
ವಾರದಿಂದ ಹುಳಿಗೆ ತಿರುಗುತ್ತಿದ್ದ ತೊಟ್ಟಿ
ಕೂದಲೆಳೆಯಷ್ಟು ಸುಧಾರಿಸಿತ್ತು.
ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿದದ್ದಕ್ಕೆ?
ಫೋನಿನಲ್ಲಿ ಗೌಸ್‌ಪೀರ್ ನಕ್ಕ:
ನಲವತ್ತು ನಿಮಿಷ ಒಳ್ಳೇದೇ, ಮೇಡಂ.
ನಾಲ್ಕು ಗಂಟೆ ಆಗಿದ್ದರೆ ನಾನೇ ಓಡಿ ಬರ್ತಿದ್ದೆ.

ರಿಜಿಸ್ಟರಿನಲ್ಲಿ ೨.೦ ಎಂದು ಬರೆದು
ಷರಾ ಖಾಲಿ ಬಿಟ್ಟೆ.
ಗೇಟಿನಲ್ಲಿ ಕರಿಬಸಪ್ಪ ನಿಂತಿದ್ದ.
ಮೂಗು ಎತ್ತಿ ಅತ್ತ ಇತ್ತ ಆಡಿಸಿದ,
ಬೈಯಲು ಏನೂ ಸಿಗದೆ
ಟೀ ಆಯ್ತಾ ಎಂದ.