ಒಳಗೆಳೆದ ಹೂಂ

ಉಮೆಯೋ ಊರಾಚೆಯ ಮರದ ಮಿಲ್ಲಿನಲ್ಲಿ
ಗುನ್ವೋರ್ ಹೂಂಗುಡುವುದಿಲ್ಲ.
ಬಿಸಿಗೆ ತುಟಿ ಸುಟ್ಟವಳಂತೆ
ಸುರ್ರನೆ ಉಸಿರು ಒಳಗೆಳೆಯುತ್ತಾಳೆ, ಅಷ್ಟೆ.

"ಈ ಹಲಗೆ ಸರಿಯೇ?" ಕೇಳಿದ
ಎರಿಟ್ರಿಯಾದಿಂದ ಬಂದ ಮೆಹಾರಿ.
ಸುರ್ರ್.
ಗಾಬರಿಬಿದ್ದು ಗರಗಸ ನಿಲ್ಲಿಸಿ
ಓಡಿಹೋಗಿ ನೀರು ತಂದ.
ಉಬ್ಬಸವೇನೋ, ಪಾಪ.

ಅವಳು ನೀರು ನೋಡಿದಳು,
ಅವನ ಮುಖ ನೋಡಿದಳು,
ಬಾಯಾರದಿದ್ದರೂ ಪೂರ್ತಿ ಕುಡಿದು
ಲೋಟ ತೊಳೆದು ಕೊಟ್ಟಳು.

ಆಮೇಲೆ ಒಂದಿಡೀ ಚಳಿಗಾಲ.
ಮೂರು ಗಂಟೆಗೇ ಕತ್ತಲು.
ಇಬ್ಬರ ನಡುವೆ ಬರೀ ಮರದ ಪುಡಿ,
ಕೈಸನ್ನೆ, ಅರೆಬರೆ ಸ್ವೀಡಿಷ್.

ಮಾರ್ಚಿನ ಒಂದು ಮಧ್ಯಾಹ್ನ
ಕೆರೆನ್ ಪಟ್ಟಣದಿಂದ ಅವ್ವನ ಫೋನು:
"ಉಂಡೆಯಾ ಮಗಾ?"
ಸುರ್ರ್ ಅಂದ.
"ಯಾಕೋ, ಅಳ್ತಿದ್ದೀಯಾ?"

ಆ ಭಾಷೆ ಒಂದಕ್ಷರ ತಿಳಿಯದ ಗುನ್ವೋರ್
ಎದ್ದುಹೋಗಿ
ಒಂದು ಲೋಟ ನೀರು ತಂದಿಟ್ಟಳು.