ಈ ಪೆಟ್ಟಿಗೆಯೊಳಗೆ ಗಂಟೆ ಎಷ್ಟು?

ಮಲ್ಪೆ ಬಂದರಿನ ಬಡಗು ಬದಿಯ ಐಸ್ ಪ್ಲಾಂಟಿನಲ್ಲಿ
ಮೂವತ್ತೊಂದು ವರ್ಷ ಕಂಪ್ರೆಸರಿನ ಪಕ್ಕ ನಿಂತವನು ನಾನು.
ಅದರ ಸದ್ದಿಗೆ ನನಗೆ ನಿದ್ದೆ ಬರುತ್ತದೆ,
ಸದ್ದು ನಿಂತರೆ ಎಚ್ಚರ.

ತರಬೇತಿ ಅಂದರೆ ಮೊದಲೆಲ್ಲ
ಮಾರ್ಚ್ ನಾಲ್ಕಕ್ಕೆ ಎದೆಗೊಂದು ಹಸಿರು ಬ್ಯಾಡ್ಜು,
ನಾಲ್ಕು ಗೋಳಿಬಜೆ, ಅರ್ಧ ಗ್ಲಾಸು ಚಾ,
ರಿಜಿಸ್ಟರಿನಲ್ಲಿ ಸಾಲು ಸಾಲು ಸಹಿ.
ಧಣಿಗಳ ಅಳಿಯ ಪ್ರತಿಜ್ಞೆ ಓದುವಾಗ
ನಾವು ತುಟಿ ಆಡಿಸುತ್ತಿದ್ದೆವು.
ಗೋಡೆಯಲ್ಲಿ ಕೆಂಪು ಬಾಣ:
ಅಪಾಯವಾದರೆ ಪಡುವಣ ಗೇಟಿಗೆ ಓಡಿ.

ಈ ಸಲ ಮಣಿಪಾಲದಿಂದ ಒಂದು ಹುಡುಗಿ ಬಂದಳು,
ಶರ್ಲಿನ್ ಮಥಾಯಸ್. ಎರಡು ಪೆಟ್ಟಿಗೆ,
ಒಳಗೆ ಸ್ಪಂಜಿನಲ್ಲಿ ಮೊಟ್ಟೆ ಕೂರಿಸಿದ ಹಾಗೆ
ಎಂಟು ದಪ್ಪ ಕನ್ನಡಕ.

ಮೊದಲು ಹಾಕಿಕೊಂಡವನು ಖಗೇಶ್ವರ.
(ನಾಲಗೆ ತಿರುಗದೆ ನಾವು ಕಗ್ಗ ಎಂದೇ ಕರೆದದ್ದು.)
ಕೈ ಚಾಚಿ ಗಾಳಿ ತಡವಿದ. ನಾವೆಲ್ಲ ನಕ್ಕೆವು.
ಆಮೇಲೆ ಅವನು ಸುಮ್ಮನೆ ನಿಂತುಬಿಟ್ಟ.
ಕಿವಿಯೊಳಗೆ ಯಾರೋ ಒಡಿಯಾ ಮಾತಾಡುತ್ತಿದ್ದರು.
ಐದು ವರ್ಷದಿಂದ ನಾವು
ಮೂಗು ಹಿಡಿದು, ಕಣ್ಣು ಮೇಲೆ ಮಾಡಿ ತೋರಿಸಿದ್ದ ಅಮೋನಿಯಾವನ್ನು
ಅವನಿಗೆ ಮೊದಲ ಸಲ
ಮಾತಿನಲ್ಲಿ ಹೇಳುತ್ತಿದ್ದರು.

ನಾಲ್ಕು ಸಲ ಸತ್ತ ಕಗ್ಗ.
ಪ್ರತಿಸಲ ಕನ್ನಡಕ ತೆಗೆದು
ತನ್ನ ಅಂಗೈ ನೋಡಿಕೊಂಡ.
ಐದನೆಯ ಸಲ ಬೈರಾಸು ಒದ್ದೆ ಮಾಡಿ
ಮುಖಕ್ಕೆ ಸುತ್ತಿ ಓಡಿದ, ಬದುಕಿದ.

ನನ್ನ ಸರದಿ. ಒಳಗೆ ನಮ್ಮದೇ ಪ್ಲಾಂಟು,
ಆದರೆ ಮದುವೆಗೆ ತೊಳೆದಿಟ್ಟ ಹಾಗೆ:
ತುಕ್ಕಿಲ್ಲ, ನೆಲದಲ್ಲಿ ಮೀನಿನ ಪರೆ ಇಲ್ಲ,
ಉಪ್ಪುನೀರಿನ ಟ್ಯಾಂಕಿಗೆ ಒಡೆಯದ ಹಲಗೆ.
ವಾಲ್ವಿನಿಂದ ಬಿಳಿ ಹೊಗೆ ಹಾರಿತು.
ಮೂಗಿಗೇನೂ ಕೆಲಸವಿಲ್ಲ.
ಕಾಲಬುಡದಲ್ಲಿ ಹಸಿರು ಬಾಣ ಮಿನುಗಿತು,
ಪಡುವಣ ಗೇಟಿನ ಕಡೆಗೆ.

ನಾನು ಓಡಲಿಲ್ಲ.
ಓಡಿ, ಓಡಿ, ಅಂದಿತು ದನಿ.
ಕನ್ನಡಕ ತೆಗೆದು ಕೇಳಿದೆ:
ಮಗಾ, ಈ ಪೆಟ್ಟಿಗೆಯೊಳಗೆ ಈಗ ಗಂಟೆ ಎಷ್ಟು?

ಇದರಲ್ಲಿ ಗಂಟೆ ಇಲ್ಲ ಅಂಕಲ್, ಅಂದಳು.

ಹಾಗಾದರೆ ಕೇಳು.
ಹಗಲು ಗಾಳಿ ಕಡಲಿಂದ ಬರ್ತದೆ,
ಹೊಗೆ ಮೂಡಕ್ಕೆ ಹೋಗ್ತದೆ,
ಬಾಣ ಸರಿ ಉಂಟು.
ನಡುರಾತ್ರಿ ಗಾಳಿ ಮಗ್ಗುಲು ಬದಲಿಸ್ತದೆ,
ಗುಡ್ಡದಿಂದ ಇಳಿದು ಕಡಲಿಗೆ ಹೋಗ್ತದೆ.
ಆ ನವೆಂಬರಿನಲ್ಲಿ, ಎರಡೂವರೆಗೆ,
ಶೀನ ಮೆಂಡನ್ ಬಾಣ ಹೇಳಿದಲ್ಲಿಗೇ ಓಡಿದ.
ಹೊಗೆಯೂ ಅಲ್ಲಿಗೇ ಹೊರಟಿತ್ತು.
ಗೇಟಿಗೆ ಮುಟ್ಟಿದ, ಚಿಲಕದ ಮೇಲೆ ಕೈ ಇತ್ತು.
ನಾನು ಪಾಠ ಮರೆತವನು,
ಬೋಟುಗಳ ಬಾವುಟ ನೋಡಿ ತಿರುಗಿದೆ,
ಕಾಲು ಭಾಗ ಶ್ವಾಸಕೋಶ ಅಲ್ಲೇ ಬಿಟ್ಟು.

ಹುಡುಗಿ ಬರೆದುಕೊಳ್ಳಲಿಲ್ಲ.
ಹೊರಗೆ ಹೋಗಿ ದಕ್ಕೆಯಲ್ಲಿ ನಿಂತು
ಬಾವುಟಗಳನ್ನು ತುಂಬ ಹೊತ್ತು ನೋಡಿದಳು.

ತಿಂಗಳು ಬಿಟ್ಟು ಮತ್ತೆ ಬಂದಳು.
ಈಗ ಪೆಟ್ಟಿಗೆಯೊಳಗೆ ರಾತ್ರಿ ಉಂಟು,
ಬಾಣ ಇಲ್ಲ, ಬೋಟಿನ ತುದಿಯಲ್ಲಿ ಹರಕು ಬಟ್ಟೆ ಉಂಟು.
ನಿಮ್ಮದೇ ದನಿ ಬೇಕು ಅಂದಳು,
ಮೆಷಿನು ಅದನ್ನೇ ಒಡಿಯಾ, ತಮಿಳು, ಹಿಂದಿ ಮಾಡ್ತದಂತೆ.
ಮೈಕಿನ ಮುಂದೆ ಎಲ್ಲ ಹೇಳಿದೆ,
ನಡುನಡುವೆ ಕೆಮ್ಮುತ್ತ.

ಸಂಜೆ ಕೇಳಿಸಿದಳು. ನಾನೇ.
ಒಂದೇ ಉಸಿರಿಗೆ, ನುಣ್ಣಗೆ,
ಆ ರಾತ್ರಿಗಿಂತ ಮೊದಲಿನ ನಾನು.
ಕಗ್ಗ ಯಾರದು ಅಂತ ಕೇಳಿದ.

ಚೆಂದ ಉಂಟು ಮಗಾ, ಆದರೆ ಇದು ಬೇಡ.
ಕೆಮ್ಮು ವಾಪಸು ಹಾಕು.
ಒಡಿಯಾದಲ್ಲೂ ಹಾಕು, ಅದೇ ಜಾಗದಲ್ಲಿ,
ಗೇಟಿನ ಮಾತು ಮುಗಿಯುವ ಮೊದಲು.

ಎಷ್ಟು ಸೆಕೆಂಡು ಇಡಲಿ, ಅಂತ ಕೇಳಿದಳು.
ಅದು ನಿಲ್ಲುವ ತನಕ, ಅಂದೆ.