ಟ್ಯಾಂಕಿನ ನೀರು

‘ಕುಡೀಬೋದಾ ಅಣ್ಣ, ಈ ನಲ್ಲಿ ನೀರು?’
ಕೇಳಿದರು, ಅತ್ತಿಗುಂಡಿಯಲ್ಲಿ ವ್ಯಾನು ನಿಂತಾಗ.

ಕಡೂರಿನ ಬಂಕಿನಲ್ಲಿ ಅರ್ಧ ತುಂಬಿಸಿದ್ದೆ,
ಮಿಕ್ಕದ್ದು ಕೈಮರದ ಪೈಪು.
ಲೋಬೋ ಸಾಹೇಬರು ಬ್ಲೀಚಿಂಗ್ ಹಾಕಿಸಿ ತೊಳೆಸಿದ್ದು
ಯುಗಾದಿಗೆ ಮುಂಚೆಯೋ ಆಮೇಲೋ, ನೆನಪಿಲ್ಲ.

‘ಪಾತ್ರೆ ತೊಳೀರಿ, ಮುಖ ತೊಳೀರಿ’ ಅಂದೆ,
‘ಕುಡಿಯೋಕೆ ಕ್ಯಾನ್ ಇದೆ.’

ನಾನು? ನಾನು ಕುಡೀತೀನಿ ಬಿಡಿ,
ಪ್ಲಾಸ್ಟಿಕ್ ರುಚಿ ನಾಲಿಗೆಗೆ ಒಗ್ಗಿಹೋಗಿದೆ.

ನಡುರಾತ್ರಿ ಪಂಪು ಗುರ್ರೆಂದಿತು, ಎರಡೇ ಗುಟುಕಿನಷ್ಟು.
ಅವರ ಮಗು, ಕತ್ತಲಲ್ಲಿ, ಬೊಗಸೆಯೊಡ್ಡಿ.

ಕೂಗಲಿಲ್ಲ. ಸ್ಟೇರಿಂಗ್ ಹಿಡಿದು ಕೂತೇ ಇದ್ದೆ,
ಗಾಳಿ ವ್ಯಾನನ್ನು ತೂಗುತ್ತಿದ್ದರೂ
ಕಿವಿಯೆಲ್ಲ ಆ ಪುಟ್ಟ ಹೊಟ್ಟೆಯ ಕಡೆಗೇ.

ಬೆಳಿಗ್ಗೆ ಮಗು ಇಡ್ಲಿ ಬೇಡ ಅಂತು.
ಎದೆ ಧಸಕ್ಕೆಂದಿತು.

ಬನ್ನು ಬೇಕಂತೆ.